ನೆತ್ಸುಕೆ ಎಲ್ಲರಿಗೂ ಗೊತ್ತು, ಅದು ಹೊತ್ತಿದ್ದ ಹೊಗೆಸೊಪ್ಪಿನ ಡಬ್ಬಿ ಯಾರಿಗೆ ಗೊತ್ತು?

ದೂರದೀಪ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ನೆತ್ಸುಕೆ ಎಂಬ ಜಪಾನಿನ ಪುಟ್ಟ ಕೆತ್ತನೆಗಳ ಫೋಟೋಗಳು ಆಗಾಗ ಬರುತ್ತಿರುತ್ತವೆ. ಮೂರು ನಾಲ್ಕು ಸೆಂಟಿಮೀಟರಿನ ಇಲಿ, ಮಲಗಿದ ಎತ್ತು, ಹೊಟ್ಟೆ ಬಿಟ್ಟುಕೊಂಡು ನಗುವ ಹೊತೇಯಿ ದೇವರು. ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಸಾಲಾಗಿ ಕೂತಿರುತ್ತವೆ. ನನಗೂ ಅವು ತುಂಬಾ ಇಷ್ಟ. ಆದರೆ ಹಾಗೆ ನೋಡುವಾಗ ಅರ್ಧವನ್ನಷ್ಟೇ ನೋಡುತ್ತಿದ್ದೇವೆ ಅನಿಸುತ್ತದೆ. ಅದಕ್ಕೆ ಕಟ್ಟುತ್ತಿದ್ದ ದಾರದ ಇನ್ನೊಂದು ತುದಿಯಲ್ಲಿ ಏನಿತ್ತು ಅಂತ ಕೇಳುವವರೇ ಕಡಿಮೆ.

ಕಿಮೋನೋಗೆ ಜೇಬಿಲ್ಲ. ಎದೆಯ ಮಡಿಕೆಯಲ್ಲೋ ತೋಳಿನ ಚೀಲದಲ್ಲೋ ಸಣ್ಣಪುಟ್ಟದ್ದು ಇಟ್ಟುಕೊಳ್ಳಬಹುದು. ಉಳಿದದ್ದನ್ನು ಸೊಂಟದ ಓಬಿ ಪಟ್ಟಿಗೆ ತೂಗುಹಾಕಬೇಕು. ವಸ್ತುವಿಗೆ ದಾರ ಕಟ್ಟಿ, ದಾರವನ್ನು ಓಬಿಯ ಹಿಂದಿನಿಂದ ಮೇಲಕ್ಕೆ ಎಳೆದು, ಅದರ ತುದಿಗೆ ಒಂದು ತಡೆ ಕಟ್ಟುತ್ತಾರೆ. ಪಟ್ಟಿಯ ಮೇಲಂಚಿನಲ್ಲಿ ಕೂತು, ದಾರ ಜಾರದ ಹಾಗೆ ಹಿಡಿಯುವ ಆ ತಡೆಯೇ ನೆತ್ಸುಕೆ. ಹೀಗೆ ತೂಗುವ ವಸ್ತುಗಳಿಗೆಲ್ಲ ಸಾಗೆಮೊನೊ ಅನ್ನುತ್ತಾರೆ. ಔಷಧಿ ಇಡುವ ಇನ್ರೋ ಇವುಗಳಲ್ಲಿ ಹೆಸರುವಾಸಿ. ಆದರೆ ಎದೋ ಕಾಲದ (1603-1868) ಸಾಮಾನ್ಯ ಜನರ ಸೊಂಟದಲ್ಲಿ ಇದ್ದದ್ದು ಜಾಸ್ತಿ ಹೊಗೆಸೊಪ್ಪಿನ ಸಾಮಾನು. ಪೇಟೆಯವರದ್ದು ಚರ್ಮದ ಅಥವಾ ಬಟ್ಟೆಯ ಚೀಲ, ಅಂದರೆ ತಬಾಕೊಇರೆ. ರೈತರು, ಬೇಟೆಗಾರರು, ಮೀನುಗಾರರದ್ದು ಮರದ ಡಬ್ಬಿ. ಅದಕ್ಕೆ ತೊಂಕೊತ್ಸು ಎಂದು ಹೆಸರು.

ಈ ಮರದ ಡಬ್ಬಿಗಳ ಬಗ್ಗೆ ಮಾತಾಡೋಣ ಅಂತ ಈ ಎಳೆ ಶುರು ಮಾಡಿದ್ದೇನೆ. ಕಪ್ಪೆ ಆಕಾರದವು ಇವೆ. ಸೋರೆಕಾಯಿ, ಆಮೆ, ಚಿಪ್ಪು, ಬೌದ್ಧ ದೇಗುಲಗಳಲ್ಲಿ ಬಡಿಯುವ ಮರದ ಗಂಟೆ, ತಲೆಬುರುಡೆ ಕೂಡ ಇದೆ. ಕೆಲವು ಬರೀ ಮರದ ಗಂಟನ್ನು ಒಳಗೆ ಕೊರೆದು ಮುಚ್ಚಳ ಹಾಕಿದಂಥವು. ಮರದ ಸ್ವಭಾವ ನೋಡಿಕೊಂಡು, ಬೇಕಾದಷ್ಟೇ ಉಳಿ ಆಡಿಸಿರುತ್ತಾರೆ. ಹೆಚ್ಚಿನವುಗಳಲ್ಲಿ ಸಹಿ ಇಲ್ಲ. ಅದಕ್ಕೇ ಬೆಲೆಯೂ ಇಲ್ಲ, ಬರೆಯುವವರೂ ಇಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ನಿಪ್ಪಾಣಿ_ಹುಡುಗ

ಒಳ್ಳೆ ವಿಷಯ ತೆಗೆದ್ರಿ ಅಕ್ಕಾ. ನಮ್ಮ ಕಡೆ ಬೀಡಿ ತಂಬಾಕು ಬೆಳೆಯುತ್ತಾರೆ. ಎಲೆ ಒಣಗಿಸಿ ಪುಡಿಯಾಗಿ ಚೀಲದಲ್ಲಿ ತುಂಬುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಜಪಾನಿನವರು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಯಾವ ತರಹದ ತಂಬಾಕು? ಡಬ್ಬಿ ಇಷ್ಟು ಚಿಕ್ಕದಾಗಿದ್ದರೆ ದಿನಕ್ಕೆ ಸಾಕಾಗುತ್ತಿತ್ತಾ?

ದೂರದೀಪ

ತುಂಬಾ ಮುಖ್ಯವಾದ ಪ್ರಶ್ನೆ. ಡಬ್ಬಿಯ ಅಳತೆಗೆ ಕಾರಣವೇ ಆ ಹೊಗೆಸೊಪ್ಪು.

ಅದಕ್ಕೆ ಕಿಜಾಮಿ ಅನ್ನುತ್ತಾರೆ. ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ್ದು. ಮೊದಲು ಚಾಕುವಿನಲ್ಲಿ ಕೈಯಿಂದಲೇ ಹೆಚ್ಚುತ್ತಿದ್ದರು. ಆಮೇಲೆ ಎಲೆಗಳನ್ನು ಒತ್ತಿ ಗಟ್ಟಿ ಮಾಡಿ, ಬಡಗಿ ಹತ್ತರಿ ಹೊಡೆಯುವಂತೆ ಹೆರೆಯುವ ಯಂತ್ರ ಬಂತು. ಕಾಗೋಶಿಮಾದ ಕೊಕುಬು, ಈಗಿನ ಕನಗಾವಾದ ಹದಾನೋ, ಶಿಕೋಕು ದ್ವೀಪದ ಅವಾ ಸೀಮೆ ಈ ಬೆಳೆಗೆ ಹೆಸರಾಗಿದ್ದವು.

ಸೇದುವುದು ಕಿಸೆರು ಎಂಬ ಉದ್ದನೆ ಕೊಳವೆಯಲ್ಲಿ. ಎರಡು ತುದಿ ಲೋಹ, ನಡುವೆ ಬಿದಿರು. ಕಿಡಿ ಇಡುವ ಬಟ್ಟಲು ತುಂಬಾ ಚಿಕ್ಕದು. ಬಟಾಣಿ ಗಾತ್ರದ ಉಂಡೆ ಹಿಡಿದರೆ ಹೆಚ್ಚು. ಎರಡು ಮೂರು ಸಲ ಎಳೆದರೆ ಮುಗಿಯಿತು. ಬೂದಿ ತಟ್ಟಿ ಮತ್ತೆ ತುಂಬಬೇಕು. ಹಾಗಾಗಿ ಒಂದು ಡಬ್ಬಿ ಕಿಜಾಮಿ ಬಹಳ ಹೊತ್ತು ಬರುತ್ತಿತ್ತು. ಮನೆಯಲ್ಲಾದರೆ ಕೆಂಡದ ಪಾತ್ರೆ, ಬೂದಿ ತಟ್ಟುವ ಬಿದಿರಿನ ಕೊಳವೆ ಇರುವ ತಬಾಕೊಬೋನ್ ಎಂಬ ತಟ್ಟೆ ಇರುತ್ತಿತ್ತು. ಹೊಲದಲ್ಲಿ, ಕಾಡಿನಲ್ಲಿ ಅದೆಲ್ಲ ಎಲ್ಲಿ? ಉರಿಯುವ ಉಂಡೆಯನ್ನು ಅಂಗೈಗೆ ತಟ್ಟಿಕೊಂಡು, ಅದು ಆರುವ ಮೊದಲು ಮತ್ತೊಂದು ಉಂಡೆ ತುಂಬಿ, ಅದೇ ಕಿಡಿಯಿಂದ ಹೊತ್ತಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆಂದೇ ಒಂದು ಬಗೆಯ ನೆತ್ಸುಕೆ ಇದೆ. ಚಿಕ್ಕ ಲೋಹದ ಬಟ್ಟಲಿನಂತೆ ಇರುತ್ತದೆ. ಕಿಡಿಯನ್ನು ಅದರೊಳಗೆ ತಟ್ಟಿ ಕಾಪಾಡಿಕೊಳ್ಳುವುದು. ಸುಯಿಗಾರಾಆಕೆ ಎಂದು ಅದರ ಹೆಸರು. ಡಬ್ಬಿ, ಕೊಳವೆ, ಕಿಡಿ ಎಲ್ಲವನ್ನೂ ಮರೆತು ಅದನ್ನು ಗಾಜಿನ ಹಿಂದೆ ಒಂಟಿಯಾಗಿ ಇಟ್ಟರೆ ಅದೊಂದು ಅರ್ಥವಾಗದ ಬಟ್ಟಲು, ಅಷ್ಟೆ.

ಹೊಗೆಸೊಪ್ಪು ಜಪಾನಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಯುರೋಪಿನ ಹಡಗುಗಳ ಜೊತೆ. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನ 1609ರಿಂದ ಶುರುಮಾಡಿ ಹಲವು ಸಲ ನಿಷೇಧ ಹೊರಡಿಸಿತು. ಬೆಂಕಿ ಅನಾಹುತದ ಭಯ ಇತ್ತು. ಭತ್ತದ ಗದ್ದೆಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ ಅನ್ನುವ ಚಿಂತೆಯೂ ಇತ್ತು. ಯಾವುದೂ ನಡೆಯಲಿಲ್ಲ. 18ನೇ ಶತಮಾನದ ಹೊತ್ತಿಗೆ ಗಂಡು ಹೆಣ್ಣು ಎನ್ನದೆ ಊರೆಲ್ಲ ಸೇದುತ್ತಿತ್ತು. ಹೆಂಗಸರಿಗೆಂದು ತೋಳಿನ ಚೀಲದಲ್ಲಿ ಬಿಟ್ಟುಕೊಳ್ಳುವ ಚಿಕ್ಕ ಜೋಡಿ ಚೀಲ ಬೇರೆ ಇತ್ತು. ಬೀದಿ ಬೀದಿ ತಿರುಗಿ ಕಿಸೆರುವಿನ ಕಟ್ಟಿಕೊಂಡ ಬಿದಿರನ್ನು ಬದಲಾಯಿಸಿ ಕೊಡುವ ಕೆಲಸದವರೂ ಇದ್ದರು.

ಉಳಿಹಿಡಿದವ

ನಾನು ಸಾಗರದ ಕಡೆಯವನು. ಮನೆತನದಿಂದ ಶ್ರೀಗಂಧದ ಕೆಲಸ. ದೂರದೀಪ ಅವರು ಹಾಕಿರುವ ಡಬ್ಬಿಗಳ ಫೋಟೋ ಹಿಗ್ಗಿಸಿ ನೋಡಿದೆ. ಕೆಲಸ ಮಾಡುವವನ ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ.

ನಾವು ಪೆಟ್ಟಿಗೆ ಮಾಡುವಾಗ ಮುಚ್ಚಳ ಮತ್ತು ನಾಲ್ಕು ಬದಿಗೆ ಕೆತ್ತನೆ ತುಂಬುತ್ತೇವೆ. ಬಳ್ಳಿ, ಹೂವು, ನಡುವೆ ದೇವರು. ತಳ ಹಾಗೇ ಬಿಡುತ್ತೇವೆ, ಯಾಕಂದ್ರೆ ಅದು ಮೇಜಿನ ಮೇಲೆ ಕೂರುತ್ತದೆ. ಕೆತ್ತನೆ ಆಳವಾಗಿ ಇದ್ದಷ್ಟೂ ನಮ್ಮಲ್ಲಿ ಮೆಚ್ಚುಗೆ ಜಾಸ್ತಿ. ಈ ಜಪಾನಿ ಡಬ್ಬಿಯ ಲೆಕ್ಕವೇ ಬೇರೆ. ಅದು ನಡೆಯುವವನ ಜೊತೆ ಅಲ್ಲಾಡುತ್ತದೆ, ಬಟ್ಟೆಗೆ ಉಜ್ಜುತ್ತದೆ, ಕೂತಾಗ ತೊಡೆಗೆ ತಾಗುತ್ತದೆ. ಚೂಪಾದ ತುದಿ ಬಿಟ್ಟರೆ ರೇಷ್ಮೆ ಹರಿಯುತ್ತದೆ ಅಥವಾ ತುದಿಯೇ ಮುರಿಯುತ್ತದೆ. ಅದಕ್ಕೇ ಕಪ್ಪೆಯ ಕಾಲನ್ನು ಮೈಗೆ ಒತ್ತಿ ಕೂರಿಸಿದ್ದಾರೆ. ಆಮೆ ತಲೆಯನ್ನು ಒಳಗೆ ಎಳೆದುಕೊಂಡಿದೆ. ಚೆಂದಕ್ಕೆ ಅಂದುಕೊಂಡರೆ ಚೆಂದ, ಆದರೆ ಹುಟ್ಟಿದ್ದು ಬಳಕೆಯಿಂದ. ನೆತ್ಸುಕೆಯಲ್ಲೂ ಅದೇ. ಯಾವ ಕಡೆ ತಿರುಗಿಸಿದರೂ ಕೆಲಸ ಮುಗಿದಿರುತ್ತದೆ. ತಳದಲ್ಲಿ ಪಾದದ ಬೆರಳು ಸಹ ಇರುತ್ತದೆ.

ಮರದ ಬಗ್ಗೆ ಒಂದು ಪ್ರಶ್ನೆ. ನೆತ್ಸುಕೆಗೆ ಬಳಸಿರುವ ಹಳದಿ ಮರ ಯಾವುದು? ರವೆ (ಮರದ ಎಳೆ) ಇಷ್ಟು ಸಣ್ಣ ಇರುವುದು ನಮ್ಮಲ್ಲಿ ಶ್ರೀಗಂಧ ಬಿಟ್ಟರೆ ಕಡಿಮೆ.

ಒಸಾಕಾವಾಸಿ

ಉಳಿಹಿಡಿದವ ಅವರೇ, ಅದು ತ್ಸುಗೆ ಮರ, ಬಾಕ್ಸ್‌ವುಡ್ ಜಾತಿ. ಟೋಕಿಯೊದ ದಕ್ಷಿಣಕ್ಕಿರುವ ಮಿಕುರಾ ದ್ವೀಪದ್ದು ಬಹಳ ಹೆಸರುವಾಸಿ. ತುಂಬಾ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಗಟ್ಟಿ. ತಲೆ ಬಾಚುವ ಹಣಿಗೆಗೂ ಅದೇ ಮರ. ವರ್ಷಗಟ್ಟಲೆ ಕೈ ತಾಗಿದರೆ ಜೇನಿನ ಬಣ್ಣ ಬರುತ್ತದೆ.

ಊರಿಗೊಂದು ಮರ, ಊರಿಗೊಂದು ಕೈ. ಹಿದಾ ಸೀಮೆಯ ತಕಾಯಾಮಾದಲ್ಲಿ ಮತ್ಸುದಾ ಸುಕೆನಾಗಾ (1800-1871) ಯೂ ಮರದಲ್ಲಿ ಕೆತ್ತಿದ. ಬಣ್ಣ ಹಚ್ಚಲಿಲ್ಲ, ಉಳಿ ಗುರುತು ಕಾಣುವಂತೆ ಬಿಟ್ಟ. ಆ ಊರಿನಲ್ಲಿ ಇವತ್ತಿಗೂ ಅದೇ ರೀತಿಯ ಕೆಲಸ ನಡೆಯುತ್ತಿದೆ. ಇತ್ತ ಪಶ್ಚಿಮದ ಇವಾಮಿಯಲ್ಲಿ, ಈಗಿನ ಶಿಮಾನೆ ಪ್ರಾಂತ್ಯದಲ್ಲಿ, ತೊಮಿಹಾರು (1733-1810) ಎಂಬವನು ಕಾಡುಹಂದಿಯ ಕೋರೆಯಲ್ಲಿ ಜೇಡ, ಕಪ್ಪೆ ಕೆತ್ತುತ್ತಿದ್ದ. ಕೋರೆಯ ಬಾಗನ್ನು ಬಾಗಾಗಿಯೇ ಉಳಿಸಿ, ಖಾಲಿ ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಊರು, ತಾರೀಖು ಬರೆಯುತ್ತಿದ್ದ. ಅವನ ಮಗಳು ಬುನ್ಶೋಜೊ ಕೂಡ ಕೆತ್ತುತ್ತಿದ್ದಳು. ಆ ಕಾಲದಲ್ಲಿ ಸಹಿ ಹಾಕಿ ಕೆತ್ತಿದ ಹೆಣ್ಣುಮಗಳು ಬಹಳ ಅಪರೂಪ. ನನಗೆ ಅವಳ ಕೆಲಸ ಅಪ್ಪನ ಕೆಲಸಕ್ಕೆ ಯಾವ ರೀತಿಯಲ್ಲೂ ಕಡಿಮೆ ಅನಿಸುವುದಿಲ್ಲ.

ಇನ್ನೊಂದು ವಿಷಯ. ಮರದ ಡಬ್ಬಿ ಎಂದರೆ ಬರೀ ಹಳ್ಳಿಯ ಕೆಲಸ ಅಲ್ಲ. ಉರುಶಿ ಎಂಬ ಮರದ ರಸದ ಮೆರುಗಿನ ದೊಡ್ಡ ಕಲಾವಿದ ಶಿಬಾತಾ ಜೆಶಿನ್ (1807-1891) ಸಹ ಹೊಗೆಸೊಪ್ಪಿನ ಡಬ್ಬಿ, ಕೊಳವೆಯ ಕೋಶಗಳಿಗೆ ಕೆಲಸ ಮಾಡಿದ್ದಾನೆ. ಟೋಕಿಯೊದ ಅಸಾಕುಸಾದಲ್ಲಿ ಒಜಾಕಿ ಕೊಕುಸಾಯಿ ಜಿಂಕೆ ಕೊಂಬಿನಲ್ಲಿ ಮಾಡಿದ್ದು ನೋಡಿ. ಕೊಂಬಿನ ಒಳಗೆ ತೂತು ತೂತಾಗಿರುತ್ತದೆ. ಬೇರೆಯವರು ಆ ಭಾಗವನ್ನು ಬಿಸಾಡುತ್ತಿದ್ದರು. ಅವನು ಆ ತೂತುಗಳನ್ನೇ ಆಕಾರದೊಳಗೆ ಸೇರಿಸಿಕೊಂಡ.

ಹಳೇನಾಣ್ಯ

ಎಲ್ಲ ಸರಿ. ಆದರೆ ದೂರದೀಪ ಅವರ ಮೂಲ ಮಾತಿಗೆ ನನ್ನ ತಕರಾರು ಇದೆ. ನೆತ್ಸುಕೆಯನ್ನು ಡಬ್ಬಿಯ ಜೊತೆಗೇ ನೋಡಬೇಕು ಅನ್ನುತ್ತೀರಿ. ಈಗ ಮಾರುಕಟ್ಟೆಯಲ್ಲಿ ಪೂರ್ತಿ ಜೋಡಿ ಎಂದು ಬರುವುದರಲ್ಲಿ ಎಷ್ಟು ನಿಜವಾಗಿ ಒಟ್ಟಿಗೆ ಹುಟ್ಟಿದವು? ವ್ಯಾಪಾರಿಗಳು ಒಂದು ಕಡೆಯ ಡಬ್ಬಿ, ಇನ್ನೊಂದು ಕಡೆಯ ಮಣಿ, ಮತ್ತೊಂದು ಕಡೆಯ ನೆತ್ಸುಕೆ ತಂದು ಹೊಸ ರೇಷ್ಮೆ ದಾರದಲ್ಲಿ ಪೋಣಿಸುತ್ತಾರೆ. ಅದನ್ನು ನೋಡಿ ಎದೋ ಕಾಲದ ಸೊಂಟ ಕಂಡೆವು ಅಂದುಕೊಳ್ಳುವುದು ಸರಿಯಾ? ಅದಕ್ಕಿಂತ ಒಂಟಿ ನೆತ್ಸುಕೆಯನ್ನು ಒಂಟಿಯಾಗಿಯೇ ನೋಡುವುದು ಪ್ರಾಮಾಣಿಕ ಅಲ್ವಾ?

ದೂರದೀಪ

ನಿಮ್ಮ ತಕರಾರು ಗಟ್ಟಿಯಾಗಿದೆ. ಆದರೆ ಅದರಿಂದ ನನ್ನ ಮಾತು ಬೀಳುವುದಿಲ್ಲ ಅನಿಸುತ್ತದೆ. ಕಾರಣ ಹೇಳುತ್ತೇನೆ.

ಬಳಸುವ ಕಾಲದಲ್ಲೂ ಜನ ಬದಲಾಯಿಸುತ್ತಿದ್ದರು. ದಾರ ಸವೆದರೆ ಹೊಸದು. ಹಬ್ಬಕ್ಕೆ, ಋತುವಿಗೆ ತಕ್ಕಂತೆ ಬೇರೆ ನೆತ್ಸುಕೆ. ಅಂದರೆ ಇದೇ ಡಬ್ಬಿಗೆ ಇದೇ ನೆತ್ಸುಕೆ ಅನ್ನುವ ಮದುವೆ ಮೊದಲಿನಿಂದಲೂ ಎಲ್ಲ ಕಡೆ ಇರಲಿಲ್ಲ. ನಾನು ಕೇಳುತ್ತಿರುವುದು ಆ ಮದುವೆಯನ್ನಲ್ಲ. ಡಬ್ಬಿ, ದಾರ, ಮಣಿ, ನೆತ್ಸುಕೆ ಈ ನಾಲ್ಕು ವಸ್ತುಗಳು ಒಂದಕ್ಕೊಂದು ಹೇಗೆ ಕೆಲಸ ಮಾಡುತ್ತಿದ್ದವು ಅನ್ನುವುದು ತಿಳಿಯಬೇಕು, ಅಷ್ಟೆ.

ಮರದ ಡಬ್ಬಿಯ ಎರಡು ಬದಿಯಲ್ಲಿ ದಾರ ಹೋಗುವ ತೂತು ಇರುತ್ತದೆ. ಅದೇ ದಾರ ಮುಚ್ಚಳದ ಮೂಲಕವೂ ಹಾದು ಮೇಲೆ ಬರುತ್ತದೆ. ಎರಡೂ ಎಳೆ ಒಂದು ಮಣಿಯೊಳಗೆ ಸೇರುತ್ತವೆ. ಅದು ಓಜಿಮೆ. ಮಣಿಯನ್ನು ಕೆಳಗೆ ಜಾರಿಸಿದರೆ ಮುಚ್ಚಳ ಬಿಗಿ. ಮೇಲೆ ಸರಿಸಿದರೆ ಮುಚ್ಚಳ ದಾರದ ಮೇಲೆಯೇ ಜಾರಿ ತೆರೆದುಕೊಳ್ಳುತ್ತದೆ, ಕಳೆದುಹೋಗುವುದಿಲ್ಲ. ಕೀಲು ಬೇಡ, ಬೀಗ ಬೇಡ. ಆಮೇಲೆ ದಾರ ನೆತ್ಸುಕೆಯ ಎರಡು ತೂತುಗಳಲ್ಲಿ ಹೋಗುತ್ತದೆ. ಒಂದು ತೂತು ದೊಡ್ಡದು, ಗಂಟು ಅದರೊಳಗೆ ಅಡಗಿ ಕೂರಲಿ ಅಂತ. ಡಬ್ಬಿ ಭಾರವಾದರೆ ನೆತ್ಸುಕೆಯೂ ದೊಡ್ಡದಿರಬೇಕು. ಹೊಗೆಸೊಪ್ಪಿನ ಡಬ್ಬಿಗೆ ಕಟ್ಟುತ್ತಿದ್ದವು ಇನ್ರೋದವುಗಳಿಗಿಂತ ಸಾಮಾನ್ಯವಾಗಿ ದಪ್ಪ. ಹಗುರ ಇನ್ರೋಗೆ ಮಂಜು ಎಂಬ ಚಪ್ಪಟೆ ಬಿಲ್ಲೆಯಾಕಾರದ್ದು ಸಾಕು.

ಎಲ್ಲದಕ್ಕಿಂತ ಮುಖ್ಯವಾದದ್ದು ಇದು. ಬಹಳಷ್ಟು ತೊಂಕೊತ್ಸುಗಳಿಗೆ ನೆತ್ಸುಕೆಯೇ ಇಲ್ಲ! ಕಿಸೆರು ಇಡುವ ಕೋಶ, ಅಂದರೆ ಕಿಸೆರುಜುತ್ಸು, ಅದೇ ದಾರಕ್ಕೆ ಕಟ್ಟಿರುತ್ತದೆ. ಅದನ್ನು ಓಬಿಯೊಳಗೆ ಸಿಕ್ಕಿಸಿದರೆ ಅದೇ ತಡೆ. ಡಬ್ಬಿ ಕೆಳಗೆ ತೂಗುತ್ತದೆ. ನೆತ್ಸುಕೆ ಮಾತ್ರ ನೋಡುವವರ ಲೆಕ್ಕದಿಂದ ಈ ಇಡೀ ಬಗೆ ಹೊರಗೆ ಉಳಿದುಬಿಡುತ್ತದೆ. ಅದಕ್ಕೇ ನನಗೆ ಹೊಟ್ಟೆಯುರಿ.

ಹಳೇನಾಣ್ಯ

ಕೋಶವೇ ತಡೆಯಾಗುವ ವಿಷಯ ಒಪ್ಪಿದೆ. ಅಷ್ಟು ಯೋಚಿಸಿರಲಿಲ್ಲ. ಆದರೂ ನೆತ್ಸುಕೆ ಒಂದು ಸ್ವತಂತ್ರ ಕಲೆಯಾಗಿ ಬೆಳೆದದ್ದು ಬರೀ ವಿದೇಶಿ ಸಂಗ್ರಹಕಾರರ ಕಾಲದಲ್ಲಿ ಅಲ್ಲ. 1781ರಲ್ಲೇ ಒಸಾಕಾದಲ್ಲಿ ಇನಾಬಾ ತ್ಸೂರ್ಯೂ ಎಂಬಾತ ಕತ್ತಿಯ ಬಿಡಿಭಾಗಗಳ ಬಗ್ಗೆ ಪ್ರಕಟಿಸಿದ 'ಸೋಕೆನ್ ಕಿಶೋ'ದಲ್ಲಿ ಐವತ್ತಕ್ಕೂ ಹೆಚ್ಚು ನೆತ್ಸುಕೆ ಕೆತ್ತುವವರ ಹೆಸರು ಕೊಟ್ಟಿದ್ದಾನೆ. ಕ್ಯೋಟೋದ ತೊಮೊತಾದನ ಎತ್ತುಗಳಿಗೆ ಆಗಲೇ ನಕಲು ಬರುತ್ತಿದ್ದವು. ಅಂದರೆ ದಾರದಲ್ಲಿ ತೂಗುತ್ತಿದ್ದಾಗಲೇ ಜನ ಕೆತ್ತಿದವನ ಹೆಸರು ಕೇಳುತ್ತಿದ್ದರು.

ದೂರದೀಪ

ಹೌದು, ಇದು ನಿಜ. ಹೆಸರು ಕೇಳುವುದಕ್ಕೆ ನನ್ನ ವಿರೋಧ ಇಲ್ಲ. ಡಬ್ಬಿ ಕೊರೆದವರ ಹೆಸರು ಯಾರೂ ಕೇಳಲಿಲ್ಲ ಅನ್ನುವುದು ನನ್ನ ನೋವು.

ಕುಕ್ಕರಹಳ್ಳಿ

ನಾನು ಬಟ್ಟೆ, ಚರ್ಮದ ಇತಿಹಾಸ ಓದುವವಳು. ಈ ಎಳೆಯಲ್ಲಿ ನಮ್ಮ ದೇಶದ ಕೊಂಡಿ ಯಾರೂ ಹೇಳಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ಎದೋ ಕಾಲದಲ್ಲಿ ಹೊರದೇಶದ ವ್ಯಾಪಾರಕ್ಕೆ ಬಾಗಿಲು ಬಹಳ ಕಿರಿದು. ಡಚ್ಚರು, ಚೀನೀಯರು ನಾಗಾಸಾಕಿ ಮೂಲಕ ತರುತ್ತಿದ್ದದ್ದೇ ಹೆಚ್ಚು. ಡಚ್ಚರ ಹಡಗುಗಳಲ್ಲಿ ನಮ್ಮ ಕೋರಮಂಡಲ ಕರಾವಳಿಯ ಅಚ್ಚು ಹಾಕಿದ, ಕೈಯಲ್ಲಿ ಬಣ್ಣ ಬರೆದ ಹತ್ತಿ ಬಟ್ಟೆ ಹೋಗುತ್ತಿತ್ತು. ಜಪಾನಿನವರು ಅದನ್ನು ಸರಸಾ ಎಂದು ಕರೆದರು. ದುಬಾರಿ ಬಟ್ಟೆ. ಇಡೀ ಉಡುಪಿಗೆ ಎಲ್ಲರ ಕೈಗೂ ಎಟುಕುವುದಲ್ಲ. ಚಿಕ್ಕ ತುಂಡಾದರೂ ಸರಿ ಎಂದು ಹೊಗೆಸೊಪ್ಪಿನ ಚೀಲಕ್ಕೆ, ಚಹಾ ಪಾತ್ರೆಯ ಚೀಲಕ್ಕೆ ಬಳಸಿದರು. ಕೋರಮಂಡಲದ ಸಾಂತೊಮೆಯ ಹೆಸರು ಹೊತ್ತ ಗೆರೆ ಬಟ್ಟೆ ಸಹ ಅಲ್ಲಿ ಬಹಳ ಬೇಡಿಕೆಯಲ್ಲಿತ್ತು. ಕೋಫು ಪಟ್ಟಣದಲ್ಲಿ ಜಿಂಕೆ ಚರ್ಮಕ್ಕೆ ಉರುಶಿಯಲ್ಲಿ ಚುಕ್ಕಿ ಚಿತ್ತಾರ ಹಾಕುವ ಕಸುಬು ಇವತ್ತಿಗೂ ಇದೆ. ಅದನ್ನು ಇಂದೆನ್ ಅನ್ನುತ್ತಾರೆ. ಆ ಹೆಸರು ಇಂಡಿಯಾದಿಂದ ಬಂದದ್ದು ಎನ್ನುವುದು ಅಲ್ಲಿನವರ ನಂಬಿಕೆ. ಇವಲ್ಲದೆ ಯುರೋಪಿನ ಚಿನ್ನದ ಬಣ್ಣದ ಚರ್ಮ, ತೊರಕೆ ಮೀನಿನ ಚರ್ಮ ಎಲ್ಲವೂ ಆ ಚೀಲಗಳಲ್ಲಿ ಕಾಣುತ್ತವೆ. ಹೊರಜಗತ್ತನ್ನು ನೋಡದ ಅಂಗಡಿಯವನೊಬ್ಬ ಅದರ ತುಣುಕನ್ನು ಸೊಂಟದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಎಂದು ಯೋಚಿಸಿದರೆ ನನಗೆ ಮೈ ನವಿರೇಳುತ್ತದೆ.

ಕೆತ್ತನೆಯ ವಸ್ತುಗಳಲ್ಲೂ ನಮಗೆ ಪರಿಚಯದವರಿದ್ದಾರೆ. ದಾರುಮಾ ಅಂದರೆ ಬೋಧಿಧರ್ಮ. ದಕ್ಷಿಣ ಭಾರತದಿಂದ ಹೋದವನು ಎಂದು ಪರಂಪರೆ ಹೇಳುತ್ತದೆ. ಕೈ ಮೇಲೆತ್ತಿ ಆಕಳಿಸುವ ದಾರುಮಾ ನೆತ್ಸುಕೆಗಳಲ್ಲಿ ಬಹಳ. ಏಳು ಅದೃಷ್ಟ ದೇವರುಗಳ ಗುಂಪಿನ ಬೆಂಜಾಯಿತೆನ್ ಎಂದರೆ ಸರಸ್ವತಿ, ಬಿಶಾಮೊನ್‌ತೆನ್ ಎಂದರೆ ವೈಶ್ರವಣ.

ನಿಪ್ಪಾಣಿ_ಹುಡುಗ

ಸರಸ್ವತಿ ತಂಬಾಕಿನ ಡಬ್ಬಿಗೆ ಕಾವಲು! ಇದು ನನಗೆ ಹೊಸ ವಿಷಯ ಮೇಡಂ. ಧನ್ಯವಾದ.

ಕಡಲತಡಿ

ಖರೀದಿ ಯೋಚನೆ ಇರುವವರಿಗೆ ಒಂದು ಎಚ್ಚರಿಕೆ. ಸುಮ್ನೆ ಹೆದರಿಸಲು ಅಲ್ಲ.

ಹಳೆಯ ನೆತ್ಸುಕೆಗಳಲ್ಲಿ ದೊಡ್ಡ ಪಾಲು ಆನೆದಂತದ್ದು. ದಂತ ಜಪಾನಿಗೆ ಹೊರಗಿನಿಂದಲೇ ಬರಬೇಕಿತ್ತು. ಶಮಿಸೆನ್ ವಾದ್ಯ ನುಡಿಸುವ ದೊಡ್ಡ ದಂತದ ಪ್ಲೆಕ್ಟ್ರಮ್ ಮಾಡಿ ಉಳಿದ ಚೂರುಗಳಲ್ಲೂ ನೆತ್ಸುಕೆ ಕೆತ್ತುತ್ತಿದ್ದರು. ಕೆಲವದರ ಮುಮ್ಮೂಲೆ ಆಕಾರಕ್ಕೆ ಅದೇ ಕಾರಣ. ಹಳೆಯದು, ಕಲಾವಸ್ತು ಎಂದ ಮಾತ್ರಕ್ಕೆ ಭಾರತಕ್ಕೆ ತರಬಹುದು ಅಂದುಕೊಳ್ಳಬೇಡಿ. ಏಷ್ಯಾದ ಆನೆ 1975ರಿಂದಲೂ ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಆಫ್ರಿಕಾದ ಆನೆದಂತಕ್ಕೆ ಅಂತರರಾಷ್ಟ್ರೀಯ ನಿಷೇಧ ತೀರ್ಮಾನವಾದದ್ದು 1989ರಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಪೂರ್ತಿ ಮುಚ್ಚಿವೆ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಅಲ್ಲಿ ಕೆಲವೇ ವಿನಾಯಿತಿಗಳಿವೆ. ಜಪಾನಿನ ಒಳಗೆ ಮಾರಾಟ ಇನ್ನೂ ನಡೆಯುತ್ತದೆ, ಆದರೆ ಯಾಹೂ ಜಪಾನ್ 2019ರಲ್ಲಿ ತನ್ನ ತಾಣದಲ್ಲಿ ದಂತ ಮಾರುವುದನ್ನು ನಿಲ್ಲಿಸಿತು.

ಕಾನೂನಿನ ಆಚೆಗೂ ನನ್ನ ಮಾತೊಂದಿದೆ. ನಾಗರಹೊಳೆ, ಬಂಡೀಪುರದ ಕಾಡು ಇರುವ ರಾಜ್ಯದವರು ನಾವು. ದಂತಕ್ಕಾಗಿ ಆನೆ ಕೊಂದ ಸುದ್ದಿಗಳನ್ನು ಓದಿಕೊಂಡೇ ಬೆಳೆದವರು. ಮ್ಯೂಸಿಯಂನಲ್ಲಿ ನೋಡಿ, ಮೆಚ್ಚಿ. ಹೊಸದಾಗಿ ಕೊಳ್ಳಬೇಡಿ.

ಕುಕ್ಕರಹಳ್ಳಿ

ಪೂರ್ತಿ ಒಪ್ಪುತ್ತೇನೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲೂ ಮೊದಲು ದಂತ ಕೂರಿಸುತ್ತಿದ್ದರು. ಅರಮನೆಯ ಬಾಗಿಲಿನಲ್ಲಿ ಈಗಲೂ ನೋಡಬಹುದು. ನಿಷೇಧ ಬಂದ ಮೇಲೆ ಬಣ್ಣ ಬಣ್ಣದ ಮರ, ಪ್ಲಾಸ್ಟಿಕ್ ಬಂತು. ಕಸುಬು ನಿಲ್ಲಲಿಲ್ಲ.

ಉಳಿಹಿಡಿದವ

ನಮ್ಮ ಹಿರಿಯರೂ ದಂತ ಕೆತ್ತುತ್ತಿದ್ದರು. ಈಗ ಇಲ್ಲ. ಕೈ ಬೇರೆ ವಸ್ತು ಕಲಿಯುತ್ತದೆ.

ಅಂದ ಹಾಗೆ, ಜಪಾನಿನಲ್ಲಿ ಈ ಕಸುಬಿನವರು ಏನಾದರು? ಎಲ್ಲರೂ ಪ್ಯಾಂಟು ಹಾಕಿ ಸಿಗರೇಟು ಸೇದಲು ಶುರುಮಾಡಿದ ಮೇಲೆ ಡಬ್ಬಿ ಕೇಳುವವರು ಯಾರು?

ಒಸಾಕಾವಾಸಿ

ಮೇಜಿ ಕಾಲದ (1868-1912) ಈ ಕಥೆ ಎರಡು ಮುಖದ್ದು. 1876ರಲ್ಲಿ ಸರ್ಕಾರ ಸಮುರಾಯಿಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಲ್ಲಿಸಿತು. ಕತ್ತಿಯ ಹಿಡಿ, ತಡೆತಟ್ಟೆಗಳಿಗೆ ಚಿನ್ನ ಬೆಳ್ಳಿ ಕೂರಿಸುತ್ತಿದ್ದ ದೊಡ್ಡ ದೊಡ್ಡ ಲೋಹಶಿಲ್ಪಿಗಳಿಗೆ ಕೆಲಸ ಹೋಯಿತು. ಅವರಲ್ಲಿ ಹಲವರು ಹೊಗೆಸೊಪ್ಪಿನ ಚೀಲದ ಮುಂದಿನ ಕೊಂಡಿ, ಲೋಹದ ಓಜಿಮೆ, ಕಗಾಮಿಬುತಾ ಎಂಬ ಲೋಹದ ತಟ್ಟೆಯ ನೆತ್ಸುಕೆ ಮಾಡತೊಡಗಿದರು. ಕತ್ತಿ ಮೇಲಿದ್ದ ಅಂಥ ಕೆಲಸ ಹೀಗೆ ಅಂಗಡಿಯವರ ಚೀಲಕ್ಕೂ ಬಂತು. ಅದಕ್ಕೇ 1880, 90ರ ದಶಕದ ಚೀಲಗಳಲ್ಲಿ ಕೊಂಡಿಯೇ ಎಲ್ಲಕ್ಕಿಂತ ಅದ್ಭುತ.

ಅದೇ ಹೊತ್ತಿಗೆ ಸಿಗರೇಟು ಬಂತು. ಕ್ಯೋಟೋದ ಮುರಾಯಿ ಸಹೋದರರು 1891ರಲ್ಲಿ 'ಸನ್‌ರೈಸ್' ಸಿಗರೇಟು ಮಾರಾಟಕ್ಕೆ ತಂದರು. 1904ರಲ್ಲಿ ಹೊಗೆಸೊಪ್ಪು ಪೂರ್ತಿ ಸರ್ಕಾರದ ಏಕಸ್ವಾಮ್ಯವಾಯಿತು. ಕೆತ್ತುವವರಲ್ಲಿ ಕೆಲವರು ವಿದೇಶಿಯರಿಗಾಗಿ ಓಕಿಮೊನೊ ಮಾಡಿದರು. ಅವು ಮೇಜಿನ ಮೇಲಿಡುವ ಬೊಂಬೆಗಳು, ದಾರದ ತೂತಿಲ್ಲ. ವಿದೇಶಿ ಸಂಗ್ರಹಕಾರರು ನೆತ್ಸುಕೆಗಳನ್ನು ರಾಶಿಗಟ್ಟಲೆ ಕೊಂಡರು. ದಾರ ಕಡಿದು, ಅಲಮಾರಿಯಲ್ಲಿ ಜೋಡಿಸಿಟ್ಟರು. ದೂರದೀಪ ಅವರ ನೋವಿಗೆ ಮೂಲ ಇಲ್ಲೇ ಇದೆ.

ಉತ್ತರದ ಅಕಿತಾದ ಕಾಕುನೋದಾತೆಯಲ್ಲಿ ಮಾತ್ರ ಬೇರೆ ದಾರಿ ಹಿಡಿದರು. ಅಲ್ಲಿ 18ನೇ ಶತಮಾನದ ಕೊನೆಯಲ್ಲಿ ಕೆಳದರ್ಜೆಯ ಸಮುರಾಯಿಗಳು ಸಂಬಳ ಸಾಲದೆ ಚೆರ್ರಿ ಮರದ ತೊಗಟೆಯಿಂದ ಹೊಗೆಸೊಪ್ಪಿನ ಡಬ್ಬಿ ಮಾಡುತ್ತಿದ್ದರು. ಡಬ್ಬಿಗೆ ಬೇಡಿಕೆ ಕುಸಿದ ಮೇಲೆ ಅದೇ ತೊಗಟೆಯಲ್ಲಿ ಚಹಾ ಎಲೆಯ ಡಬ್ಬಿ ಮಾಡಿದರು. ಕಬಾಜೈಕು ಎಂಬ ಆ ಕೆಲಸ ಈಗಲೂ ಜೀವಂತ. ತೊಗಟೆ ತೇವಾಂಶವನ್ನು ಹದವಾಗಿ ಇಡುತ್ತದೆ. ಹೊಗೆಸೊಪ್ಪಿಗೆ ಬೇಕಾದದ್ದೇ ಚಹಾಗೂ ಬೇಕು.

ನಿಪ್ಪಾಣಿ_ಹುಡುಗ

ಜಪಾನಿಗೆ ಹೋದರೆ ಇದೆಲ್ಲ ಎಲ್ಲಿ ನೋಡಬಹುದು?

ದೂರದೀಪ

ಟೋಕಿಯೊದ ತಂಬಾಕು ಮತ್ತು ಉಪ್ಪಿನ ಮ್ಯೂಸಿಯಂಗೆ ಮೊದಲು ಹೋಗಿ. 1978ರಲ್ಲಿ ಶಿಬುಯಾದಲ್ಲಿ ಶುರುವಾಗಿ, 2015ರಲ್ಲಿ ಸುಮಿದಾಗೆ ಬಂತು. ಸ್ಕೈಟ್ರೀ ಗೋಪುರದಿಂದ ದೂರವಿಲ್ಲ. ಕಿಸೆರು, ಚೀಲ, ತಟ್ಟೆ ಎಲ್ಲವೂ ಬಳಕೆಯ ಕ್ರಮದಲ್ಲಿ ಅರ್ಥವಾಗುತ್ತವೆ. ನೆತ್ಸುಕೆ ಮಾತ್ರ ಬೇಕೆಂದರೆ ಕ್ಯೋಟೋದ ಮಿಬು ಪ್ರದೇಶದಲ್ಲಿ ಹಳೆಯ ಸಮುರಾಯಿ ಮನೆಯೊಂದರಲ್ಲಿ 2007ರಿಂದ ನಡೆಯುತ್ತಿರುವ ಸೇಯಿಶು ನೆತ್ಸುಕೆ ಮ್ಯೂಸಿಯಂ ಇದೆ. ಈಗಿನ ಕಾಲದವರ ಕೆಲಸವೂ ಅಲ್ಲಿ ಬಹಳ. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿ ರಾಜಕುಮಾರ ತಕಾಮಾದೊ ಸಂಗ್ರಹ ಇದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಂನ ಬುಶೆಲ್ ಸಂಗ್ರಹ ಹತ್ತಿರ.

ಹಳೇನಾಣ್ಯ

ದೂರದೀಪ ಅವರೇ, ದಂತ ಬೇಡ ಎಂದು ನಾನೂ ತೀರ್ಮಾನಿಸಿದ್ದೇನೆ. ಒಂದು ಮರದ ತೊಂಕೊತ್ಸು ತೆಗೆದುಕೊಳ್ಳುವ ಆಸೆ ಈಗ ಹುಟ್ಟಿದೆ. ಸಹಿ ಇಲ್ಲದ್ದಾದರೂ ಸರಿ. ಅಂಗಡಿಯಲ್ಲಿ ಕೈಗೆ ಕೊಟ್ಟರೆ ಏನೇನು ನೋಡಲಿ? ನೆತ್ಸುಕೆಗಳಲ್ಲಿ ರಾಳದ ಅಚ್ಚಿನ ನಕಲು ಬಹಳ ಎಂದು ಗೊತ್ತು. ಅಚ್ಚಿನ ಗೆರೆ ಕಾಣುತ್ತದೆ, ಸಹಿಯೂ ಕೆತ್ತಿದ್ದಲ್ಲ, ಅಚ್ಚಿನಲ್ಲೇ ಬಂದದ್ದು. ಡಬ್ಬಿಗೆ ಏನು ಗುರುತು?

ದೂರದೀಪ

ತುಂಬಾ ಖುಷಿಯಾಯಿತು! ಹೇಳುತ್ತೇನೆ.

ಮೊದಲು ದಾರದ ತೂತು ನೋಡಿ. ನಿಜವಾಗಿ ಬಳಸಿದ ಡಬ್ಬಿಯಲ್ಲಿ ತೂತಿನ ಅಂಚು ದಾರ ಎಳೆದ ದಿಕ್ಕಿಗೆ ಸವೆದಿರುತ್ತದೆ. ಸುತ್ತಲೂ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ. ಆಮೇಲೆ ಹಿಂಭಾಗ. ಬಟ್ಟೆಗೆ ತಾಗುವ ಬದಿ ಹೊರಬದಿಗಿಂತ ನುಣುಪಾಗಿ, ಹೊಳಪಾಗಿ ಇರಬೇಕು. ಹಲವು ಡಬ್ಬಿಗಳಲ್ಲಿ ಆ ಬದಿ ಸೊಂಟಕ್ಕೆ ಒಪ್ಪುವಂತೆ ಸ್ವಲ್ಪ ಒಳಬಾಗಿರುತ್ತದೆ. ಮುಚ್ಚಳ ಹಾಕಿ ನೋಡಿ. ಮರ ಹಿಗ್ಗಿ ಕುಗ್ಗಿ ಕೊಂಚ ಸಡಿಲ ಆಗಿದ್ದರೆ ತೊಂದರೆ ಇಲ್ಲ, ಆದರೆ ಮುಚ್ಚಳದ ರವೆಯೂ ಡಬ್ಬಿಯ ರವೆಯೂ ಒಂದೇ ಮರದ್ದಾಗಿರಬೇಕು. ಬೇರೆ ಮುಚ್ಚಳ ಕೂರಿಸಿದ್ದು ಬಹಳ. ಒಳಗೆ ಉಳಿ ಗುರುತು ಇದೆಯಾ, ಹೊಗೆಸೊಪ್ಪಿನ ಕಂದು ಕಲೆ ಇದೆಯಾ ನೋಡಿ. ವಾಸನೆ ನೋಡಲು ನಾಚಿಕೆ ಬೇಡ. ಎಷ್ಟೋ ಡಬ್ಬಿಗಳಲ್ಲಿ ಈಗಲೂ ಉಳಿದಿರುತ್ತದೆ.

ಮನೆಗೆ ತಂದ ಮೇಲೆ ನೀರಿನಲ್ಲಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಳೆಯ ದಾರ ಇದ್ದರೆ, ಹರಿದಿದ್ದರೂ, ಬಿಸಾಡದೆ ಬೇರೆ ಇಡಿ. ಹೊಸ ದಾರ ಕಟ್ಟುವುದಾದರೆ ನನಗೆ ಸಂದೇಶ ಕಳಿಸಿ. ಯಾವ ತೂತಿನಿಂದ ಹೋಗಿ ಯಾವುದರಲ್ಲಿ ಬರಬೇಕು ಅಂತ ಚಿತ್ರ ಬರೆದು ಇಲ್ಲೇ ಹಾಕುತ್ತೇನೆ.

ಉಳಿಹಿಡಿದವ

ಆ ಚಿತ್ರ ನನಗೂ ಬೇಕು. ಡಬ್ಬಿಯ ಹಿಂಬದಿ ಒಳಬಾಗಿರುವುದರ ಅಳತೆಯೂ ಸಿಕ್ಕರೆ ಹಾಕಿ ಮೇಡಂ. ಹಲಸಿನ ಮರದ ತುಂಡೊಂದು ಇದೆ, ಮಾಡಿ ನೋಡುತ್ತೇನೆ.